46 ಡಿಗ್ರಿ ನಿಜವೇ? ಬೈಲಿನಲ್ಲೊಂದು ಬಿಳಿ ಪೆಟ್ಟಿಗೆ ನಿಲ್ಲಿಸಿದ ಕೆಲಸದ ದಾಖಲೆ

ಗಾಳಿಯ ತಾಪಮಾನ ಅಳೆಯುವ ಪೆಟ್ಟಿಗೆ ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆಯಲ್ಲಿ, ನಿಂತಿದೆ, ಅಂಕಿಗಳು ಬರುತ್ತಿವೆ. ಯಾಕೆ ಕಟ್ಟಿದೆ, ಹೇಗೆ ಕಟ್ಟಿದೆ, ಯಾವುದು ಕೈಕೊಟ್ಟಿತು ಎಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಹೊರಡುವ ಇನ್ನೊಬ್ಬರಿಗೆ ಅಳತೆಗಳೂ ಖರ್ಚೂ ಉಪಯೋಗಕ್ಕೆ ಬರಲಿ.

ನಮ್ಮ ಕಾಸರಗೋಡು ಕಡೆ ಏಪ್ರಿಲ್ ಬಂತೆಂದರೆ ಮೊಬೈಲ್‌ಗಳಲ್ಲಿ ಚಿತ್ರಗಳು ಓಡಾಡಲು ಶುರು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ 45, ಪೇಟೆಯ ಅಂಗಡಿಯೊಂದರ ಮುಂದಿನ ಡಿಜಿಟಲ್ ಫಲಕದಲ್ಲಿ 46, ಯಾವುದೋ ಆ್ಯಪ್‌ನಲ್ಲಿ 44. ಕೆಳಗೆ ಒಂದೇ ಸಾಲು: ‘ಕಾಸರಗೋಡಿನ ಇತಿಹಾಸದಲ್ಲೇ ಅತ್ಯಧಿಕ.’ ಈ ವರ್ಷ ಮೂರೂ ನನ್ನ ಮೊಬೈಲಿಗೆ ಬಂದವು, ಮೂರೂ ಮನೆಯವರಿಂದಲೇ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ‘ಇದು ನಿಜವೇ ಮಾಷ್ಟ್ರೇ?’ ಎಂದು ಕೇಳಿದರೆ ಸುಮ್ಮನೆ ಇರಲಾಗುವುದಿಲ್ಲ.

ಸುಮ್ಮನಿರಲಾಗದ್ದಕ್ಕೆ ದೊಡ್ಡ ಕಾರಣ ಬೇರೆ ಇದೆ. ಬಿಸಿಲಿನ ಎಚ್ಚರಿಕೆ ಜೀವ ಉಳಿಸುವ ಮಾತು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಕೆಲಸದ ಹೊತ್ತನ್ನು ಬದಲಿಸಿ, ಬಯಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕೊಡಬೇಕೆಂದು ಆದೇಶ ಹೊರಡಿಸುತ್ತದೆ. ಅದನ್ನು ನಮ್ಮ ತೋಟಕ್ಕೆ ಬರುವವರೊಬ್ಬರಿಗೆ ಹೇಳಿದೆ. ‘ಮೊನ್ನೆ 46 ಡಿಗ್ರಿ ಇತ್ತಂತೆ, ಅವತ್ತೂ ಮರ ಹತ್ತಿದ್ದೇನೆ, ಏನೂ ಆಗಲಿಲ್ಲ’ ಎಂದರು. 46 ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸುಳ್ಳು ಅಂಕಿಯನ್ನು ತಾಳಿಕೊಂಡೆ ಎಂದು ನಂಬಿದವರು ನಿಜವಾದ 37ನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಂತ 1: ಏನನ್ನು ಪರೀಕ್ಷಿಸಬೇಕು

ಕೈಗೆ ಸುತ್ತಿಗೆ ತೆಗೆದುಕೊಳ್ಳುವ ಮೊದಲು ಕಾಗದ ತೆಗೆದುಕೊಂಡೆ. ದಾಖಲೆಯ ತಾಪಮಾನಗಳನ್ನು ಜಗತ್ತಿನಲ್ಲಿ ಹೇಗೆ ಪರಿಶೀಲಿಸುತ್ತಾರೆ ಎಂಬುದಕ್ಕೆ ಲಿಬಿಯಾದ ಎಲ್ ಅಜೀಜಿಯಾದ ಪ್ರಕರಣ ಒಳ್ಳೆಯ ಪಾಠ. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ತೊಂಬತ್ತು ವರ್ಷ ಅದೇ ವಿಶ್ವದಾಖಲೆ. ನಾನೇ ಮಕ್ಕಳಿಗೆ ಅದನ್ನು ಕಲಿಸಿದ್ದೇನೆ. ವಿಶ್ವ ಹವಾಮಾನ ಸಂಸ್ಥೆಯ ತಜ್ಞರ ತಂಡ ಹಳೆಯ ಕಡತಗಳನ್ನು ಬಿಡಿಸಿ ನೋಡಿ 2012ರಲ್ಲಿ ಅದನ್ನು ರದ್ದು ಮಾಡಿತು. ಲಿಬಿಯಾದ ಹವಾಮಾನ ತಜ್ಞ ಖಾಲಿದ್ ಎಲ್ ಫದ್ಲಿ ಆ ತಂಡದಲ್ಲಿದ್ದರು. 2011ರ ದಂಗೆಯ ನಡುವೆ ತಿಂಗಳುಗಟ್ಟಲೆ ಅವರ ಸುದ್ದಿಯೇ ಇರಲಿಲ್ಲ. ಅಷ್ಟು ಕಷ್ಟದಲ್ಲೂ ಆ ಕೆಲಸ ಮುಗಿಯಿತೆಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ರದ್ದು ಮಾಡಲು ಅವರು ಕೊಟ್ಟ ಕಾರಣಗಳು ಐದು. ಉಪಕರಣ ಸರಿಯಾದದ್ದಲ್ಲ. ಓದಿದವರಿಗೆ ಅಭ್ಯಾಸವಿದ್ದಂತೆ ಕಾಣುವುದಿಲ್ಲ, ಅಂಕಿಗಳನ್ನೂ ತಪ್ಪು ಕಾಲಂನಲ್ಲಿ ಬರೆದಿದ್ದರು. ಉಪಕರಣ ನಿಂತಿದ್ದ ನೆಲ ಡಾಂಬರಿನಂಥದ್ದು, ಸುತ್ತಲಿನ ಮರುಭೂಮಿಯ ಮಣ್ಣಿನಂಥದ್ದಲ್ಲ. ಅಕ್ಕಪಕ್ಕದ ಊರುಗಳ ಅಂಕಿಗಳಿಗೆ ಹೊಂದುವುದಿಲ್ಲ. ಅದೇ ಜಾಗದ ಮುಂದಿನ ವರ್ಷಗಳ ಅಂಕಿಗಳಿಗೂ ಹೊಂದುವುದಿಲ್ಲ. ಈ ಐದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದೆ. ಮುಂದಿನ ಕೆಲಸವೆಲ್ಲ ಇವುಗಳ ಬೆನ್ನು ಹಿಡಿದೇ ನಡೆಯಿತು.

ಹಂತ 2: ಸಾಮಾನು

ಎಸ್‌ಎಚ್‌ಟಿ31 ಎಂಬ ತಾಪ-ಆರ್ದ್ರತೆಯ ಸೆನ್ಸರ್ ₹480, ಸೆನ್ಸರಿನ ಅಂಕಿ ಓದುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ8266 ಬೋರ್ಡ್ ₹320, ಸಮಯ ಇಡುವ ಡಿಎಸ್3231 ಗಡಿಯಾರ ಮಾಡ್ಯೂಲ್ ₹160, ಮೆಮೊರಿ ಕಾರ್ಡಿನ ಮಾಡ್ಯೂಲ್ ₹70. ಗರಿಷ್ಠ-ಕನಿಷ್ಠ ತೋರಿಸುವ ಯು ಆಕಾರದ ಥರ್ಮಾಮೀಟರ್ ₹550. ಹೂಕುಂಡದ ಅಡಿಗೆ ಇಡುವ ಏಳು ಇಂಚಿನ ಬಿಳಿ ಪ್ಲಾಸ್ಟಿಕ್ ತಟ್ಟೆಗಳು ಹತ್ತು, ಒಟ್ಟು ₹250. ತಿರುಪು ಇರುವ ಉದ್ದ ಬೋಲ್ಟು, ನಟ್ಟು, ವಾಷರ್ ₹140. ಬಿಳಿ ಎನಾಮಲ್ ಬಣ್ಣ ₹420. ಬಡಗಿಯ ಕೂಲಿ ₹1,800. ಹಲಸಿನ ಹಲಗೆಗಳು ಹಳೆಯ ಕೊಟ್ಟಿಗೆ ಬಿಚ್ಚಿದಾಗ ಉಳಿದವು. ಜಿಐ ಪೈಪು, ಸಿಮೆಂಟಿಗೆ ₹900. ಒಟ್ಟು ₹5,090.

ಅಗ್ಗದ ಡಿಎಚ್‌ಟಿ22 ಸೆನ್ಸರ್ ಸಾಲದೇ ಎಂದು ತಂಗಿಯ ಮಗ ಕೇಳಿದ. ತಯಾರಕರೇ ಅದಕ್ಕೆ ಅರ್ಧ ಡಿಗ್ರಿಯಷ್ಟು ಆಚೀಚೆ ಹೇಳುತ್ತಾರೆ, ಎಸ್‌ಎಚ್‌ಟಿ31ಕ್ಕೆ 0.2ರಷ್ಟು. ಜಗಳ ಇರುವುದೇ ಒಂದೆರಡು ಡಿಗ್ರಿಯ ಮೇಲಾದ್ದರಿಂದ ಇಲ್ಲಿ ಉಳಿತಾಯ ಮಾಡಬಾರದೆಂದು ತೀರ್ಮಾನಿಸಿದೆ.

ಹಂತ 3: ಐಸ್ ಮತ್ತು ಜ್ವರದ ಥರ್ಮಾಮೀಟರ್

ಇದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಯಾರ ಮನೆಯಲ್ಲೂ ಮಾಡಬಹುದು.

ಮೊದಲು ಸೊನ್ನೆ. ಕುದಿಸಿ ಆರಿಸಿದ ನೀರಿನಿಂದ ಫ್ರಿಜ್‌ನಲ್ಲಿ ಐಸ್ ಮಾಡಿ, ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡಿದೆ. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ತುಂಬಿ, ಸಂದು ಮುಚ್ಚುವಷ್ಟು ಮಾತ್ರ ತಣ್ಣನೆಯ ನೀರು ಹಾಕಿದೆ. ನೀರು ಜಾಸ್ತಿಯಾದರೆ ಐಸ್ ಮೇಲೆ ತೇಲಿ ಅಡಿಯ ನೀರು ಸೊನ್ನೆಗಿಂತ ಬೆಚ್ಚಗಾಗುತ್ತದೆ. ಸೆನ್ಸರನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ನಡುವೆ ಇಳಿಸಿದೆ. ಅಂಕಿ ಇಳಿಯುತ್ತಾ ಹೋಗಿ 0.2ಕ್ಕೆ ಬಂದು ನಿಂತಿತು, ಅಲ್ಲಿಂದ ಅಲುಗಲಿಲ್ಲ. ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದಿದ್ದ ಪಾದರಸದ ಥರ್ಮಾಮೀಟರ್ ಸರಿಯಾಗಿ ಸೊನ್ನೆ ಗೆರೆಯಲ್ಲಿ ನಿಂತಿತು.

ಆದರೆ ನಮಗೆ ಬೇಕಾದದ್ದು ಸೊನ್ನೆಯ ಹತ್ತಿರದ ನಿಖರತೆಯಲ್ಲ, 35ರಿಂದ 42ರ ನಡುವಿನದು. ಅದಕ್ಕೆಂದೇ ಮಾಡಿದ ಉಪಕರಣ ಪ್ರತಿ ಮನೆಯಲ್ಲೂ ಇದೆ: ಜ್ವರ ನೋಡುವ ಥರ್ಮಾಮೀಟರ್. ಒಳ್ಳೆಯ ಡಿಜಿಟಲ್ ಜ್ವರಮಾಪಕಕ್ಕೆ ಮೈಯ ಬಿಸಿಯ ಆಸುಪಾಸಿನಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗದ ನಿಖರತೆ ಇರುತ್ತದೆ. ಬಿಸಿಗಾಳಿಯ ಚರ್ಚೆ ನಡೆಯುವುದೂ ಅದೇ ಅಂಕಿಗಳ ನಡುವೆ. ಸ್ನಾನದ ಹಂಡೆಯಲ್ಲಿ ಉಗುರುಬೆಚ್ಚಗಿನ ನೀರು ಮಾಡಿ, ಸೌಟಿನಲ್ಲಿ ಬಿಡದೆ ಕಲಕುತ್ತಾ ಎಲ್ಲವನ್ನೂ ಒಟ್ಟಿಗೆ ಇಳಿಸಿದೆ. ಜ್ವರಮಾಪಕ 38.4. ಪ್ರಯೋಗಾಲಯದ ಥರ್ಮಾಮೀಟರ್ 38.5. ಸೆನ್ಸರ್ 38.6. ಯು ಆಕಾರದ್ದು 39.5.

ಯು ಥರ್ಮಾಮೀಟರ್ ಒಂದು ಡಿಗ್ರಿ ಹೆಚ್ಚು ಹೇಳುತ್ತದೆ ಎಂದು ಅದರ ಹಲಗೆಯ ಹಿಂದೆ ಪೆನ್ಸಿಲಿನಲ್ಲಿ ಬರೆದೆ. ಅಂಗಡಿಯಿಂದ ತಂದು ನೇರ ಗೋಡೆಗೆ ತೂಗಿದ್ದರೆ ಅದರ ಮಾತೇ ವೇದವಾಗುತ್ತಿತ್ತು.

ಈ ಯು ಥರ್ಮಾಮೀಟರನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಎಲ್ ಅಜೀಜಿಯಾದಲ್ಲಿ ಏನಾಗಿರಬಹುದೆಂದು ಕಣ್ಣಿಗೇ ಕಾಣುತ್ತದೆ. ಅಲ್ಲಿದ್ದದ್ದೂ ಇದೇ ಜಾತಿಯ ಉಪಕರಣ. ಕೊಳವೆಯೊಳಗೆ ಪಾದರಸದ ನೆತ್ತಿಯ ಮೇಲೆ ಒಂದು ಸಣ್ಣ ಕಬ್ಬಿಣದ ಕಡ್ಡಿ ಕೂತಿರುತ್ತದೆ. ಬಿಸಿಯಾದಾಗ ಪಾದರಸ ಅದನ್ನು ಮೇಲಕ್ಕೆ ತಳ್ಳುತ್ತದೆ; ತಣಿದಾಗ ಪಾದರಸ ಇಳಿದರೂ ಕಡ್ಡಿ ಅಲ್ಲೇ ಅಂಟಿ ನಿಲ್ಲುತ್ತದೆ. ದಿನದ ಗರಿಷ್ಠವನ್ನು ಓದಬೇಕಾದದ್ದು ಕಡ್ಡಿಯ ಕೆಳತುದಿಯಲ್ಲಿ, ಪಾದರಸ ಮುಟ್ಟಿದ ಕಡೆಯಲ್ಲಿ. ಮೇಲ್ತುದಿ ಓದಿದರೆ ಕಡ್ಡಿಯ ಉದ್ದವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ನನ್ನದರಲ್ಲಿ ಕಡ್ಡಿಯ ಉದ್ದ ಸುಮಾರು 5 ಡಿಗ್ರಿಯಷ್ಟಿದೆ. ಎಲ್ ಅಜೀಜಿಯಾದಲ್ಲಿ ಆಗಿರಬಹುದಾದ ತಪ್ಪು ಸುಮಾರು 7 ಡಿಗ್ರಿ ಎಂದು ತಜ್ಞರು ಅಂದಾಜು ಮಾಡಿದ್ದರು. ಮನೆಗೆ ಬಂದವರಿಗೆಲ್ಲ ಇದನ್ನು ತೋರಿಸಿ ‘ಈಗ ಎಷ್ಟಿದೆ, ಓದಿ’ ಎಂದು ಕೇಳಿದ್ದೇನೆ. ಬಹುತೇಕ ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲ್ತುದಿಗೆ.

ಹಂತ 4: ಪಿವಿಸಿ ಕವಚ, ಕೈಬಿಟ್ಟದ್ದು

ಸೆನ್ಸರಿಗೆ ಬಿಸಿಲು ತಾಗಬಾರದು, ಗಾಳಿ ತಾಗಬೇಕು. ಇಷ್ಟೇ ಸಮಸ್ಯೆ. ಇದು ಎಷ್ಟು ಗಂಭೀರವೆಂದರೆ, 2020ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದಲ್ಲಿ ಬ್ರೆಜಿಲಿನ ಸಂಶೋಧಕರ ಸ್ವಯಂಚಾಲಿತ ಕೇಂದ್ರ ತೋರಿಸಿದ 20.75 ಡಿಗ್ರಿಯನ್ನು ವಿಶ್ವ ಹವಾಮಾನ ಸಂಸ್ಥೆ ದಾಖಲೆಯೆಂದು ಒಪ್ಪಲಿಲ್ಲ. ಅಲ್ಲಿ ಬಳಸಿದ್ದ ಕವಚ ತಾತ್ಕಾಲಿಕವಾಗಿ ಹೊಂದಿಸಿಕೊಂಡದ್ದು, ಅದರಿಂದ ಅಂಕಿ ಏರಿತ್ತು ಎಂಬುದೇ ಕಾರಣ. ಅದೇ ತಿಂಗಳು ಎಸ್ಪೆರಾಂಜಾ ನೆಲೆಯಲ್ಲಿ ದಾಖಲಾದ 18.3 ಡಿಗ್ರಿ ಒಪ್ಪಿಗೆ ಪಡೆಯಿತು. ಕವಚ ಸರಿಯಿಲ್ಲದಿದ್ದರೆ ವಿಜ್ಞಾನಿಗಳ ಅಂಕಿಯೂ ನಿಲ್ಲುವುದಿಲ್ಲ.

ಮೊದಲ ಪ್ರಯತ್ನ 110 ಮಿ.ಮೀ. ಪಿವಿಸಿ ಪೈಪಿನ 30 ಸೆಂ.ಮೀ. ತುಂಡು. ಸುತ್ತಲೂ 10 ಮಿ.ಮೀ. ತೂತು ಕೊರೆದು, ಮೇಲೆ ಮುಚ್ಚಳ ಹಾಕಿ, ಬಿಳಿ ಬಣ್ಣ ಬಳಿದು ಅಂಗಳದಾಚೆಯ ಹುಲ್ಲಿನ ಮೇಲೆ ನಿಲ್ಲಿಸಿದೆ.

ಹೋಲಿಸಿ ನೋಡಲು ಹಳೆಯ ಉಪಾಯ: ಪ್ರಯೋಗಾಲಯದ ಥರ್ಮಾಮೀಟರನ್ನು ಬಿದಿರಿನ ಹಿಡಿಗೆ ಗಟ್ಟಿಯಾಗಿ ಕಟ್ಟಿ, ನೆರಳಿನಲ್ಲಿ ನಿಂತು ಒಂದು ನಿಮಿಷ ಬೀಸಿ ತಕ್ಷಣ ಓದುವುದು. ಬೀಸುವಾಗ ಗಾಳಿ ರಭಸವಾಗಿ ಹಾಯುವುದರಿಂದ ಬುರುಡೆ ಗಾಳಿಯ ಉಷ್ಣತೆಗೆ ಬರುತ್ತದೆ. ಬೀಸಿದ ಥರ್ಮಾಮೀಟರ್ 35.4 ಎಂದಿತು. ಪೈಪಿನೊಳಗಿನ ಸೆನ್ಸರ್ 39.1. ಮೋಡ ಬಂದಾಗ ಎರಡೂ ಹತ್ತಿರ ಬರುತ್ತವೆ, ಬಿಸಿಲು ಬಿದ್ದ ಕೂಡಲೇ ಪೈಪಿನದ್ದು ಏರುತ್ತದೆ. ತೂತುಗಳು ಗಾಳಿ ಹೋಗುವಷ್ಟು ಕಾಣುತ್ತವೆ, ಆದರೆ ಗಾಳಿ ಹೋಗುವುದಿಲ್ಲ. ಬಿಸಿಯಾದ ಪೈಪಿನ ಒಳಗೋಡೆ ಸೆನ್ಸರನ್ನು ಸುತ್ತುವರಿದಿರುತ್ತದೆ. ಪೈಪು ಈಗ ತೋಟದ ನೀರಿನ ಸಾಲಿನಲ್ಲಿದೆ.

ಇದೇ ಹಂತದಲ್ಲಿ ಇನ್ನೊಂದು ಗೊತ್ತಾಯಿತು. ಇಎಸ್‌ಪಿ ಬೋರ್ಡ್ ತಾನೇ ಬಿಸಿಯಾಗುತ್ತದೆ. ಸೆನ್ಸರ್ ಅದರ ಪಕ್ಕದಲ್ಲೇ ಇದ್ದಾಗ ರಾತ್ರಿಯಲ್ಲೂ ಒಂದೂವರೆ ಡಿಗ್ರಿ ಹೆಚ್ಚು ಬರುತ್ತಿತ್ತು. ಒಂದು ಮೀಟರ್ ವೈರ್ ಎಳೆದು ಬೋರ್ಡನ್ನು ಕಂಬದ ಬುಡದ ಡಬ್ಬಿಗೆ ಇಳಿಸಿದ ಮೇಲೆ ಅದು ಹೋಯಿತು.

ಹಂತ 5: ತಟ್ಟೆಗಳ ಕವಚ

ಹತ್ತು ತಟ್ಟೆಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಪೋಣಿಸುವುದು. ಮೇಲಿನ ಎರಡು ಇಡಿಯಾಗಿ ಇರಲಿ; ಕೆಳಗಿನವುಗಳ ನಡುವೆ 70 ಮಿ.ಮೀ. ತೂತು. ಮೂರು ಉದ್ದ ಬೋಲ್ಟುಗಳು, ತಟ್ಟೆ ತಟ್ಟೆಯ ನಡುವೆ ಪಿವಿಸಿ ಕೊಳವೆಯ 15 ಮಿ.ಮೀ. ತುಂಡುಗಳು. ಸೆನ್ಸರ್ ನಡುವಿನ ಪೊಳ್ಳಿನಲ್ಲಿ ತೂಗುತ್ತದೆ. ತೂತು ಕೊರೆಯುವಾಗ ಪ್ಲಾಸ್ಟಿಕ್ ಸೀಳುತ್ತದೆ, ಹಿಂದೆ ಮರದ ತುಂಡು ಒತ್ತಿ ಹಿಡಿದು ನಿಧಾನವಾಗಿ ಕೊರೆಯಬೇಕು.

ಮೊದಲ ಫಲಿತಾಂಶ: ಬೀಸಿದ್ದು 35.3, ತಟ್ಟೆಯೊಳಗಿನದ್ದು 36.8. ಪೈಪಿಗಿಂತ ಎಷ್ಟೋ ಮೇಲು, ಆದರೂ ಒಂದೂವರೆ ಡಿಗ್ರಿ ಉಳಿಯಿತು. ಕಾರಣ ಕಂಡದ್ದು ಒಂದು ತಟ್ಟೆಯನ್ನು ಸೂರ್ಯನಿಗೆ ಅಡ್ಡ ಹಿಡಿದಾಗ. ಹಿಂದೆ ಬೆರಳು ಇಟ್ಟರೆ ಬೆರಳಿನ ನೆರಳು ಈಚೆಗೆ ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟಿಕ್ ಬಿಳಿಯಾಗಿದೆ ಅಷ್ಟೇ, ಬೆಳಕನ್ನು ತಡೆಯುವುದಿಲ್ಲ. ಎಲ್ಲ ತಟ್ಟೆಗಳ ಒಳಮೈಗೆ ಕಪ್ಪು ಬಣ್ಣ ಎರಡು ಕೈ, ಹೊರಮೈಗೆ ಬಿಳಿ ಎನಾಮಲ್ ಎರಡು ಕೈ ಬಳಿದೆ. ಮೇಲಿನ ಎರಡು ತಟ್ಟೆಗಳ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸೇರಿಸಿದೆ. ಆಮೇಲೆ ಬೀಸಿದ್ದು 35.5, ತಟ್ಟೆಯೊಳಗಿನದ್ದು 35.9. ಗಾಳಿ ಪೂರ್ತಿ ನಿಂತ ಹೊತ್ತಿನಲ್ಲಿ ಅಂತರ 0.7ರವರೆಗೂ ಹೋಗುತ್ತದೆ. ಬೆಳಕು ತಡೆಯುವ ತಟ್ಟೆಯೇ ಸಿಕ್ಕರೆ ಈ ಬಣ್ಣದ ಕೆಲಸ ಉಳಿಯುತ್ತದೆ.

ಹಂತ 6: ಮರದ ಪೆಟ್ಟಿಗೆ

ತಟ್ಟೆಯ ಕವಚ ಸಾಕಿತ್ತು. ಆದರೂ ಹಳೆಯ ಕ್ರಮದ ಪೆಟ್ಟಿಗೆ ಒಂದು ಬೇಕೆನಿಸಿತು. ಹತ್ತೊಂಬತ್ತನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಬಿಳಿ ಪೆಟ್ಟಿಗೆಯನ್ನೇ ನಮ್ಮ ಹವಾಮಾನ ಕೇಂದ್ರಗಳೂ ಬಳಸುತ್ತಾ ಬಂದಿವೆ. ಹಳೆಯ ಅಂಕಿಗಳೊಂದಿಗೆ ಹೋಲಿಸಬೇಕಾದರೆ ಅಂಥದೇ ಪೆಟ್ಟಿಗೆಯಲ್ಲಿ ಅಳೆದದ್ದು ಇರಬೇಕು.

ಒಳ ಅಳತೆ ಅಗಲ 45, ಆಳ 30, ಎತ್ತರ 42 ಸೆಂ.ಮೀ. ನಾಲ್ಕೂ ಕಡೆ ಓರೆ ಪಟ್ಟಿಗಳು, ಅದೂ ಎರಡು ಪದರ. ಹೊರಪದರ ಹೊರಗೆ ಇಳಿಜಾರು, ಒಳಪದರ ಒಳಗೆ ಇಳಿಜಾರು. ಪಟ್ಟಿ 50 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, 45 ಡಿಗ್ರಿ ಓರೆ. ಒಳಗೆ ಕಣ್ಣಿಟ್ಟು ನೋಡಿದರೆ ಯಾವ ದಿಕ್ಕಿನಿಂದಲೂ ಆಕಾಶ ಕಾಣಬಾರದು. ಮಾಡು (ಚಾವಣಿ) ಎರಡು ಹಲಗೆಯದು, ನಡುವೆ 4 ಸೆಂ.ಮೀ. ಗಾಳಿ ಆಡುವ ಜಾಗ. ತಳಕ್ಕೆ ಮೂರು ಹಲಗೆ, ನಡುವಿನದು ಸ್ವಲ್ಪ ಮೇಲೆ, ಹಾಗಾಗಿ ನೆಲದ ಕಾವು ನೇರ ಬರುವುದಿಲ್ಲ, ಗಾಳಿ ಮಾತ್ರ ಏರುತ್ತದೆ.

ಕೆಲಸಕ್ಕೆ ಬಂದ ಆಚಾರರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಮಾಷ್ಟ್ರೇ, ಜೇನು ಪೆಟ್ಟಿಗೆಯಂತೆ ಇದೆ, ಆದರೆ ಜೇನು ನಿಲ್ಲದ ಹಾಗೆ ಮಾಡಿಸುತ್ತಿದ್ದೀರಿ’ ಎಂದರು. ಪಟ್ಟಿಗಳಿಗೆ ಗಾಡಿ, ಅಂದರೆ ಅವು ಜಾರಿ ಕೂರುವ ಸೀಳು, ಹೊಡೆಯುವುದು ನಾಜೂಕಿನ ಕೆಲಸ. ಹಲಸಿನ ಮರ ಹಳೆಯದಾದ್ದರಿಂದ ಉಳಿಗೆ ಗಟ್ಟಿಯಾಗಿತ್ತು. ಅವರೇ ಒಂದು ಸಲಹೆ ಕೊಟ್ಟರು: ಪಟ್ಟಿಗಳನ್ನು ಅಂಟಿಸಬೇಡಿ, ಗಾಡಿಯಲ್ಲಿ ಜಾರಿಸಿ ಕೂರಿಸಿ, ಮಳೆಗಾಲದಲ್ಲಿ ಮರ ಉಬ್ಬಿದರೆ ಬಿರುಕು ಬಿಡುವುದಿಲ್ಲ. ಹಾಗೆಯೇ ಮಾಡಿದೆವು. ಒಳಹೊರಗೆ ಹೊಳಪಿನ ಬಿಳಿ ಬಣ್ಣ. ಒಳಗೆ ಯು ಥರ್ಮಾಮೀಟರ್, ಪ್ರಯೋಗಾಲಯದ ಥರ್ಮಾಮೀಟರ್, ಇನ್ನೊಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ತುದಿಯನ್ನು ನೀರಿನ ಶೀಶೆಗೆ ಇಳಿಬಿಟ್ಟದ್ದು. ಆರ್ದ್ರತೆಯ ಲೆಕ್ಕಕ್ಕೆ ಅದು ಬೇಕು.

ಬಾಗಿಲಿನ ದಿಕ್ಕಿನಲ್ಲಿ ನಮ್ಮ ಊರಿಗೇ ವಿಶೇಷವಾದ ತೊಡಕೊಂದಿದೆ. ಉತ್ತರ ಗೋಳಾರ್ಧದಲ್ಲಿ ಬಾಗಿಲು ಉತ್ತರಕ್ಕಿರಬೇಕು ಎಂಬುದು ನಿಯಮ. ತೆರೆದಾಗ ಒಳಗೆ ಬಿಸಿಲು ಬೀಳಬಾರದೆಂದು. ದೆಹಲಿಗೆ ಅದು ಸರಿ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನಡುನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ನಡುಭಾಗ ದಾಟುವವರೆಗೂ ನಮಗೆ ಉತ್ತರದ ಕಡೆಯಲ್ಲೇ ಇರುತ್ತಾನೆ. ಸೆಖೆ ಹೆಚ್ಚಿರುವ ಮೇ ತಿಂಗಳಿನಲ್ಲೇ ಉತ್ತರದ ಬಾಗಿಲು ತೆರೆದರೆ ಓರೆ ಬಿಸಿಲು ಒಳಗೆ ಬೀಳುತ್ತದೆ. ದಕ್ಷಿಣಕ್ಕೆ ತಿರುಗಿಸಿದರೆ ಚಳಿಗಾಲದಲ್ಲಿ ಇದಕ್ಕಿಂತ ಹೆಚ್ಚು ತೊಂದರೆ. ಹಾಗಾಗಿ ಬಾಗಿಲು ಉತ್ತರಕ್ಕೇ ಇರಲಿ, ಓದುವಾಗ ಒಂದು ದೊಡ್ಡ ಅಡಿಕೆ ಹಾಳೆಯನ್ನು ಬಿಸಿಲಿಗೆ ಅಡ್ಡ ಹಿಡಿಯುವುದೆಂದು ಮಾಡಿದೆ. ಹಾಳೆ ಪೆಟ್ಟಿಗೆಯ ಕಾಲಿಗೇ ಕಟ್ಟಿರುತ್ತದೆ.

ಹಂತ 7: ಎಲ್ಲಿ ನಿಲ್ಲಿಸುವುದು

ನಮ್ಮ ಜಾಗದಲ್ಲಿ ಇದಕ್ಕಿಂತ ಕಠಿಣ ಪ್ರಶ್ನೆ ಇಲ್ಲ. ಅಡಿಕೆ ತೋಟ ತಗ್ಗಿನಲ್ಲಿದೆ, ನೆರಳು, ದಿನಾ ತುಂತುರು ನೀರು. ಮನೆಯ ಮುಂದೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ. ಮೇಲೆ ಮುರಕಲ್ಲಿನ ಬೋಳು ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಒಂದೇ ಮಧ್ಯಾಹ್ನ ತಟ್ಟೆಯ ಕವಚವನ್ನು ಮೂರೂ ಕಡೆ ಹಿಡಿದು ನೋಡಿದೆ. ತೋಟದೊಳಗೆ 33.1, ಅಂಗಳದ ನಡುವೆ 37.4, ಪದವಿನಲ್ಲಿ 36.8. ಕವಚವಿಲ್ಲದ ಬರಿ ಸೆನ್ಸರನ್ನು ಅಂಗಳದ ಬಿಸಿಲಿನಲ್ಲಿ ಇಟ್ಟಾಗ 46.3. ಮೊಬೈಲಿಗೆ ಬಂದ ಅಂಕಿ ನಮ್ಮ ಅಂಗಳದಲ್ಲೇ ಸಿಕ್ಕಿತು.

ವಿಶ್ವ ಹವಾಮಾನ ಸಂಸ್ಥೆಯ ವರ್ಗೀಕರಣದಲ್ಲಿ ಮೊದಲ ದರ್ಜೆಯ ಜಾಗಕ್ಕೆ ಸಿಮೆಂಟು, ಕಟ್ಟಡಗಳಂಥ ಕಾವಿನ ಮೂಲಗಳಿಂದ 100 ಮೀಟರ್ ದೂರ ಬೇಕು. ಅಷ್ಟಲ್ಲದಿದ್ದರೂ ನಮ್ಮ ಕಡೆ ಇದ್ದುದರಲ್ಲಿ ಹೆಚ್ಚು ಬಯಲು ಸಿಕ್ಕಿದ್ದು ಬೈಲಿನಲ್ಲಿ ಮಾತ್ರ. ಬೇಸಾಯ ನಿಂತ ಗದ್ದೆಯ ಹುಲ್ಲಿನ ಮೇಲೆ, ಹತ್ತಿರದ ಮಾಡಿನಿಂದ ಅರುವತ್ತು ಮೀಟರ್ ಆಚೆ, ತೋಟದ ಅಂಚಿನಿಂದಲೂ ದೂರದಲ್ಲಿ ಪೆಟ್ಟಿಗೆ ನಿಲ್ಲಿಸಿದೆ. ಥರ್ಮಾಮೀಟರಿನ ಬುರುಡೆ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ. ಒಪ್ಪಿತ ಮಿತಿ 1.25ರಿಂದ 2 ಮೀಟರ್. ಪೈಪುಗಳನ್ನು ಎರಡು ಅಡಿ ಹೂತು ಸಿಮೆಂಟು ಹಾಕಿ, ಆ ಸಿಮೆಂಟಿನ ಮೇಲೂ ಮಣ್ಣು, ಹುಲ್ಲಿನ ಹೆಂಟೆ ಮುಚ್ಚಿದೆ.

ಹಂತ 8: ಓದುವ ಕ್ರಮ

ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8:30ಕ್ಕೆ ಕನಿಷ್ಠ, ಸಂಜೆ 5:30ಕ್ಕೆ ಗರಿಷ್ಠ. ಓದಿ ಬರೆದ ಮೇಲೆಯೇ ಗುಂಡಿ ಒತ್ತಿ ಕಡ್ಡಿಯನ್ನು ಇಳಿಸುವುದು. ಸೆನ್ಸರ್ ಹತ್ತು ಸೆಕೆಂಡಿಗೊಮ್ಮೆ ಓದುತ್ತದೆ, ಆದರೆ ನಾನು ಇಟ್ಟುಕೊಳ್ಳುವುದು ಒಂದು ನಿಮಿಷದ ಸರಾಸರಿ. ಕ್ಷಣದ ಓದಿನಲ್ಲೇ ಗರಿಷ್ಠ ಹುಡುಕಿದರೆ ಬಿಸಿ ಗಾಳಿಯ ಒಂದು ಅಲೆಗೂ ಅಂಕಿ ಅರ್ಧ ಡಿಗ್ರಿ ಹಾರುತ್ತದೆ.

ರೇಖಾಚಿತ್ರ ಬಿಡಿಸಿದಾಗ ನಿರೀಕ್ಷಿಸದ ಒಂದು ಉಪಯೋಗ ಸಿಕ್ಕಿತು. ಬೆಳಿಗ್ಗೆಯಿಂದ ಏರುವ ಗೆರೆ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ ಕಡಲ ಕಡೆಯಿಂದ ಪಡುಗಾಳಿ ಬರುತ್ತಿದ್ದಂತೆ ಚಪ್ಪಟೆಯಾಗುತ್ತದೆ, ಆರ್ದ್ರತೆಯ ಗೆರೆ ಮೇಲೇಳುತ್ತದೆ. ಕರಾವಳಿಗೆ ಹತ್ತಿರ ಹೋದಷ್ಟೂ ಇದು ಬೇಗ. ಹಾಗಾಗಿ ಯಾರಾದರೂ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಸಂಜೆ 4 ಗಂಟೆಗೆ 46 ಇತ್ತು ಎಂದರೆ ಪಡುಗಾಳಿ ಬೀಸುವ ಹೊತ್ತಿನಲ್ಲಿ ಅದು ಹೇಗೆ ಸಾಧ್ಯ ಎಂದು ಮೊದಲೇ ಕೇಳಬಹುದು. ಸಂಜೆ ನಾಲ್ಕಕ್ಕೆ ಅತಿ ಹೆಚ್ಚು ಕಾದಿರುವುದು ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ.

ಹಂತ 9: ಮೂರು ಚಿತ್ರಗಳ ಪರೀಕ್ಷೆ

ಕಾರು: ಭಾವನ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಎರಡು ಗಂಟೆ ಬಿಟ್ಟು ಚಾಲೂ ಮಾಡಿದಾಗ ಫಲಕದಲ್ಲಿ 45. ಬದಿಯಡ್ಕದಿಂದ ಕುಂಬಳೆಯ ಕಡೆಗೆ ಓಡಿಸುತ್ತಾ ಹೋದಂತೆ ಇಳಿಯಿತು: 43, 40, ಕೊನೆಗೆ 37ರಲ್ಲಿ ನಿಂತಿತು. ಸೆನ್ಸರ್ ಇರುವುದು ಮುಂಭಾಗದ ಬಂಪರಿನ ಹಿಂದೆ. ನಿಂತ ಕಾರಿನಲ್ಲಿ ಅದು ಅಳೆಯುವುದು ಕಾದ ತಗಡು ಮತ್ತು ರಸ್ತೆಯ ಕಾವನ್ನು.

ಅಂಗಡಿಯ ಫಲಕ: ಪಶ್ಚಿಮದ ಗೋಡೆಗೆ ಬಿಗಿದದ್ದು, ಹಿಂದೆ ಕಾಂಕ್ರೀಟು, ಮೇಲೆ ತಗಡಿನ ಮಾಡು. ತಟ್ಟೆಯ ಕವಚವನ್ನು ಪವರ್ ಬ್ಯಾಂಕಿನೊಂದಿಗೆ ಒಯ್ದು ರಸ್ತೆಯ ಆಚೆಬದಿಯ ಮರದಡಿ ಹಿಡಿದು ನಿಂತೆ. ಫಲಕ 46, ನನ್ನದು 36.9.

ಆ್ಯಪ್: ಇದು ಸುಳ್ಳಲ್ಲ, ಬೇರೆಯದೇ ಅಂಕಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ 44ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅನುಭವಕ್ಕೆ ಬರುವ’ ತಾಪಮಾನ ಎಂದಿತ್ತು. ಅಮೆರಿಕದ ಹವಾಮಾನ ಸೇವೆಯ ಕೋಷ್ಟಕದ ಪ್ರಕಾರ ಗಾಳಿಯ ಉಷ್ಣತೆ 35.6, ಆರ್ದ್ರತೆ ಶೇಕಡಾ 55 ಇದ್ದರೆ ಮೈಗೆ ಅನಿಸುವುದು ಸುಮಾರು 44. ನನ್ನ ಪೆಟ್ಟಿಗೆಯ ಅಂಕಿಗಳೂ ಇದರ ಹತ್ತಿರವೇ ಇದ್ದವು. ಈ 44 ನಿಜವಾದ ಅಪಾಯ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆ ಕೋಷ್ಟಕ ನೆರಳಿಗೆ ಮಾಡಿದ್ದು. ನೇರ ಬಿಸಿಲಿನಲ್ಲಿ ಇನ್ನೂ 8 ಡಿಗ್ರಿಯವರೆಗೆ ಕೂಡಬಹುದು. ಮರ ಹತ್ತುವವರಿಗೆ ನಾನು ಈಗ ಹೇಳುವುದು ಈ ಲೆಕ್ಕವನ್ನು. ‘46 ಸುಳ್ಳು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಅವರು ಮಧ್ಯಾಹ್ನ ಧೈರ್ಯವಾಗಿ ಮರ ಹತ್ತುತ್ತಾರೆ. 36 ಇದ್ದರೂ ಮೈಗೆ 44ರ ಪೆಟ್ಟು ಬೀಳುತ್ತದೆ, 12ರ ಮೇಲೆ ಇಳಿಯಿರಿ ಎಂದರೆ ಕೇಳುತ್ತಾರೆ.

ಹಂತ 10: ‘ದಾಖಲೆ’ ಎನ್ನುವ ಮಾತು

ಪೆಟ್ಟಿಗೆಯ ಶಕ್ತಿಗೆ ಇಲ್ಲಿ ಮಿತಿ ಇದೆ. ‘46 ಇರಲಿಲ್ಲ’ ಎಂದು ನಾನು ಹೇಳಬಲ್ಲೆ. ‘ಇಷ್ಟು ಹೆಚ್ಚು ಹಿಂದೆಂದೂ ಇರಲಿಲ್ಲ’ ಎಂದು ಹೇಳಲಾರೆ. ಒಂದು ಬೇಸಿಗೆಯ ಅಂಕಿ ಇಟ್ಟುಕೊಂಡು ಆ ಮಾತು ಆಡಬಾರದು. ಹವಾಮಾನ ಇಲಾಖೆ ವಾಡಿಕೆಯ ತಾಪಮಾನಕ್ಕೆ ಬಳಸುವುದು 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಸರಾಸರಿಯನ್ನು. ಕರಾವಳಿಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಕನಿಷ್ಠಪಕ್ಷ 37 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲುಸೀಮೆಯಲ್ಲಿ ಮಿತಿ 40. ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಸತತ ಹಾಗೆ ಇದ್ದರೆ ಎರಡನೇ ದಿನ ಘೋಷಣೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಅಂಕಿ ಕೇಳಲು ಹೋಗಬೇಕಾದ ಜಾಗಗಳು ಕೃಷಿ ಸಂಶೋಧನೆಯವು: ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಪಿಲಿಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ. ಆಚೀಚೆ ಹೋಲಿಸಲು ಮಂಗಳೂರು ಮತ್ತು ಕಣ್ಣೂರು. ದಿನಾ ಆ ಎರಡು ಊರುಗಳ ಅಂಕಿಯನ್ನು ನನ್ನದರ ಪಕ್ಕದಲ್ಲಿ ಬರೆಯುತ್ತೇನೆ. ಅಂತರ ಎರಡು ಡಿಗ್ರಿ ದಾಟಿದರೆ ಮೊದಲು ನನ್ನ ಪೆಟ್ಟಿಗೆಯನ್ನೇ ಪರೀಕ್ಷಿಸುತ್ತೇನೆ.

ಸರ್ಕಾರಿ ಕೇಂದ್ರವೆಂದ ಮಾತ್ರಕ್ಕೆ ಪರಿಶೀಲನೆ ಬೇಡವೆಂದಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ತೋರಿಸಿತು. ಭಾರತದ ಒಪ್ಪಿತ ದಾಖಲೆ 2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ ದಾಖಲಾದ 51. ಅದನ್ನು ಮೀರಿದ ಅಂಕಿ ದೇಶವೆಲ್ಲ ಸುತ್ತಿತು. ಆದರೆ ದೆಹಲಿಯ ಉಳಿದ ಕೇಂದ್ರಗಳು ಅದಕ್ಕೆ ಹೊಂದುತ್ತಿರಲಿಲ್ಲ. ಇಲಾಖೆ ಗುಣಮಟ್ಟದ ಉಪಕರಣವನ್ನು ಪಕ್ಕದಲ್ಲಿಟ್ಟು ನೋಡಿದಾಗ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ಹೇಳುತ್ತಿದ್ದದ್ದು ಗೊತ್ತಾಯಿತು. ಮರುದಿನ ನಾಗಪುರದಿಂದ ಬಂದ 56ರ ಅಂಕಿಯೂ ಸೆನ್ಸರ್ ದೋಷವೆಂದು ಇಲಾಖೆಯೇ ಹೇಳಿತು. ಇನ್ನೊಂದು ಕಡೆ, ಸಿಸಿಲಿಯಲ್ಲಿ 2021ರ ಆಗಸ್ಟ್ 11ರಂದು ದಾಖಲಾದ 48.8ನ್ನು ಯುರೋಪಿನ ದಾಖಲೆಯೆಂದು ಒಪ್ಪಲು ವಿಶ್ವ ಹವಾಮಾನ ಸಂಸ್ಥೆ 2024ರ ಜನವರಿಯವರೆಗೆ ಸಮಯ ತೆಗೆದುಕೊಂಡಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಪರಿಶೀಲಿಸುವ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹಂಚುವುದು ನ್ಯಾಯವಲ್ಲ.

ಈಗ ಚಿತ್ರ ಬಂದರೆ ನಾನು ತಿರುಗಿ ಕೇಳುವುದು ಇಷ್ಟು: ಯಾವ ಉಪಕರಣ, ನೆರಳಿನಲ್ಲೋ ಬಿಸಿಲಿನಲ್ಲೋ, ಕೆಳಗೆ ಏನಿದೆ, ಎಷ್ಟು ಗಂಟೆಗೆ, ಮಂಗಳೂರಿನಲ್ಲಿ ಅದೇ ದಿನ ಎಷ್ಟಿತ್ತು. ತಂಗಿಯ ಮಗ ಈಗ ಚಿತ್ರ ಕಳಿಸುವ ಮೊದಲೇ ಇವುಗಳಿಗೆ ಉತ್ತರ ಬರೆದು ಕಳಿಸುತ್ತಾನೆ. ಹಾಗಾಗಿ ಅವನಿಂದ ಬರುವ ಚಿತ್ರಗಳು ಕಡಿಮೆಯಾಗಿವೆ.

ದುರಸ್ತಿ ಮತ್ತು ಬಾಕಿ ಕೆಲಸ

ತಟ್ಟೆಯ ಕವಚದೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಸೆನ್ಸರನ್ನೇ ಅರ್ಧ ಮುಚ್ಚಿಬಿಟ್ಟಿತ್ತು. ಆ ದಿನಗಳ ಗೆರೆ ತಡವಾಗಿ ಏರಿ ತಡವಾಗಿ ಇಳಿಯುತ್ತಿದ್ದದ್ದರಿಂದಲೇ ಅನುಮಾನ ಬಂತು. ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಲೆಕ್ಕದಿಂದ ಬಿಟ್ಟಿದ್ದೇನೆ. ಕೆಳಗಿನ ತೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ. ಪೈಪಿನ ಕಾಲುಗಳಿಗೆ ಗ್ರೀಸ್ ಹಚ್ಚಿದ ಮೇಲೆ ಇರುವೆ ಹತ್ತುವುದು ನಿಂತಿದೆ. ಒದ್ದೆ ಬಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಬೇಕು, ಬಾವಿಯ ನೀರಿನ ಲವಣ ಕಟ್ಟಿದರೆ ಅಂಕಿ ಏರುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಬಳಸುತ್ತಿದ್ದೇನೆ. ಪ್ರತಿ ಫೆಬ್ರುವರಿಯಲ್ಲಿ ಬಣ್ಣ, ಐಸ್ ಪರೀಕ್ಷೆ ಮತ್ತು ಹಂಡೆಯ ಪರೀಕ್ಷೆ ಪುನಃ ಆಗಬೇಕು.

ಪದವಿನ ಮೇಲೆ ಇನ್ನೊಂದು ಪೆಟ್ಟಿಗೆ ನಿಲ್ಲಿಸುವ ಆಲೋಚನೆ ಇದೆ, ಬೈಲಿಗೂ ಬೋಳು ಗುಡ್ಡಕ್ಕೂ ವರ್ಷವಿಡೀ ಎಷ್ಟು ಅಂತರವೆಂದು ನೋಡಲು. ಹಲಗೆ ಕೊಯ್ದಾಗಿದೆ. ಮಳೆ ಹಿಡಿದರೆ ಬಣ್ಣ ಒಣಗುವುದಿಲ್ಲವಾದ್ದರಿಂದ ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಮುಗಿಸಿಕೊಡುತ್ತೇನೆ ಎಂದು ಆಚಾರರು ಒಪ್ಪಿದ್ದಾರೆ.